ಕಿತ್ತ ಹಲ್ಲನ್ನು ಕೂಡಿಡುವದು ತಂದೆತಾಯಿಗಳ ಕರ್ತವ್ಯವೋ?

ಮಗುವಿನ ಹಾಲುಹಲ್ಲು ಬಿದ್ದಾಗ ಅದನ್ನು ಏನು ಮಾಡತಕ್ಕದ್ದೆಂಬ ಪ್ರಶ್ನೆಯು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಸೆಗಣಿಯ ಉಂಡೆಯಲ್ಲಿ ಅದನ್ನು ಸೇರಿಸಿ ಮಾಡಿನ ಮೇಲಕ್ಕೆ ಎಸೆಯುವ ವಾಡಿಕೆಯು ಅನೇಕ ಕಡೆಗಳಲ್ಲಿ ಇದೆ. ಹಾಗೆ ಎಸೆದರೆ ಹೊಸ ಹಲ್ಲು ನೆಟ್ಟಗೂ ಗಟ್ಟಿಯಾಗಿಯೂ ಬರುವದೆಂದು ಅಜ್ಜಿಯರು ಹೇಳುತ್ತಿದ್ದರು. ಆ ಮಾತಿಗೆ ಆಧಾರವೇನೂ ಇಲ್ಲ. ಆದರೂ ಅದರ ದೆಸೆಯಿಂದ ಯಾವ ಮನೆಯೂ ಸಾಲದಲ್ಲಿ ಬಿದ್ದದ್ದಿಲ್ಲ. ಈಗ ನಾವು ವಿಚಾರಿಸಬೇಕೆಂದಿರುವ ಸಂಗತಿಯು ಅದೇ ಹಲ್ಲಿನದಾದರೂ ಬೇರೆ ತರದ್ದು.

೨೦೧೪ನೇ ಇಸವಿಯ ಮಳೆಗಾಲದಲ್ಲಿ ಅಡಿಕೆ ಕೊಯ್ಯುವ ಕೆಲಸದಿಂದ ಜೀವನ ಮಾಡುವ ಒಬ್ಬ ಸಹೋದರನು ಸಾಯಂಕಾಲದ ಹೊತ್ತಿಗೆ ನಮ್ಮ ಜಗಲಿಗೆ ಬಂದು ಕೂತನು. ಅವನ ಏಳು ವರುಷದ ಮಗಳ ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು. ಅವಳನ್ನು ಪೇಟೆಯ ಒಂದು ದವಾಖಾನೆಗೆ ಕರಕೊಂಡು ಹೋದಾಗ ಅಲ್ಲಿ ಅವನ ಕೈಗೆ ಬಣ್ಣದ ಚಿತ್ರಗಳುಳ್ಳ ಒಂದು ಕಾಗದವನ್ನು ಕೊಟ್ಟಿದ್ದರು. ಹಲ್ಲು ತಾನಾಗಿ ಬೀಳುವ ಮೊದಲೇ ಅದನ್ನು ಕೀಳಿಸಿ, ಅದರೊಳಗಿನ ಜೀವಕೋಶಗಳನ್ನು ದೂರದ ಪಟ್ಟಣದಲ್ಲಿ ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿರುವ ಪಾತ್ರೆಯಲ್ಲಿ ಇಡಿಸಿದರೆ, ಮಗುವು ದೊಡ್ಡದಾದ ಮೇಲೆ ಸಕ್ಕರೆ ಕಾಯಿಲೆ, ಹೃದಯದ ರೋಗ, ಬೆನ್ನುಹುರಿಯ ಗಾಯ ಮುಂತಾದವುಗಳಿಗೆ ಅದೇ ಔಷಧವಾಗಬಹುದೆಂದು ಅದರಲ್ಲಿ ಬರೆದಿತ್ತು. ಆ ‘ಬಹುದು’ ಎಂಬದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

“ಅಯ್ಯನವರೇ, ಎಮ್ಮೆಯನ್ನು ಮಾರಿದರೆ ಮೊದಲಿನ ಹಣ ಆಗುತ್ತದೆ. ಉಳಿದದ್ದನ್ನು ವರುಷ ವರುಷ ಕಟ್ಟಬಹುದಂತೆ,” ಎಂದು ಅವನು ಹೇಳಿದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಮರ ಹತ್ತುವವ. ನನಗೆ ಏನಾದರೂ ಆದರೆ ಆಗಲಿ. ಆದರೆ ನಾಳೆ ಇವಳಿಗೆ ಕಾಯಿಲೆ ಬಂದು, ಅಪ್ಪಾ, ಆ ದಿವಸ ಯಾಕೆ ಇಡಿಸಲಿಲ್ಲ ಎಂದು ಕೇಳಿದರೆ ನಾನು ಏನು ಹೇಳಲಿ?” ಅಂದನು.

ಎಮ್ಮೆಯ ಲೆಕ್ಕ ಸುಲಭ. ಆ ಕಡೆಯ ಮಾತಿಗೆ ಉತ್ತರ ಕೊಡುವದು ಸುಲಭವಲ್ಲ. ಅದಕ್ಕಾಗಿ ಮೊದಲು ಆ ಹಲ್ಲಿನೊಳಗೆ ಏನು ಇದೆಯೆಂದು ತಿಳುಕೊಳ್ಳುವದು ಅವಶ್ಯ.

ಹಲ್ಲು ಹೊರಗೆ ಕಲ್ಲಿನ ಹಾಗೆ ಇದ್ದರೂ ಅದರ ನಡುವೆ ಮೆತ್ತಗಿನ ತಿರುಳು ಉಂಟು. ನರಗಳೂ ರಕ್ತನಾಳಗಳೂ ಅದರಲ್ಲಿ ಇರುತ್ತವೆ. ಹುಳುಕು ಅಲ್ಲಿಯ ವರೆಗೆ ಇಳಿದಾಗಲೇ ನಾವು ರಾತ್ರಿಯೆಲ್ಲಾ ದವಡೆ ಹಿಡಿದು ಕೂತುಕೊಳ್ಳುವದು. ಈ ತಿರುಳಿನಲ್ಲಿ ಕೆಲವು ವಿಶೇಷ ಕೋಶಗಳಿವೆ. ದೇಹದ ಬೇರೆ ಕೋಶಗಳಿಗೆ ಒಂದೊಂದು ಕೆಲಸ ನೇಮಕವಾಗಿದೆ. ಇವುಗಳಾದರೋ ತಮ್ಮಂಥ ಕೋಶಗಳನ್ನು ಹೆಚ್ಚಿಸುತ್ತಾ, ತಕ್ಕ ಸ್ಥಿತಿಯಲ್ಲಿ ಬೇರೆ ಬೇರೆ ಕೆಲಸದ ಕೋಶಗಳಾಗಿ ಮಾರ್ಪಡಲು ಶಕ್ತವಾಗಿವೆ. ಇವುಗಳಿಗೆ ಸ್ಟೆಮ್ ಸೆಲ್ ಎಂದೂ ಕನ್ನಡದಲ್ಲಿ ಆಕರಕೋಶವೆಂದೂ ಹೆಸರು. ೨೦೦೦ನೇ ಇಸವಿಯಲ್ಲಿ ಅಮೇರಿಕದ ಸರಕಾರಿ ದಂತಸಂಶೋಧನಾ ಸಂಸ್ಥೆಯಲ್ಲಿ ಗ್ರೋಂಥೋಸ್, ಸೊಂಗ್‌ಟಾವ್ ಷಿ ಮೊದಲಾದ ಪಂಡಿತರು ಕಿತ್ತ ಬುದ್ಧಿಹಲ್ಲುಗಳ ತಿರುಳಿನಲ್ಲಿ ಇವುಗಳನ್ನು ಕಂಡರು. ಆ ಮೇಲೆ ಷಿ ಎಂಬವರು ತಮ್ಮ ಚಿಕ್ಕ ಮಗಳ ಬಿದ್ದ ಹಲ್ಲನ್ನು ನೋಡುತ್ತಾ ಅದರೊಳಗೆ ಕೆಂಪಗಿನ ಜೀವಾಂಶವು ಉಳಿದಿರುವದನ್ನು ಕಂಡು, ಹಾಲುಹಲ್ಲುಗಳನ್ನೂ ಪರೀಕ್ಷಿಸಿ, ಅವುಗಳಲ್ಲಿಯೂ ಆಕರಕೋಶಗಳಿವೆಯೆಂದು ೨೦೦೩ರಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯಲ್ಲಿ ಆ ಕೋಶಗಳು ನರಕೋಶದಂಥವುಗಳಾಗಿಯೂ ಕೊಬ್ಬಿನ ಕೋಶಗಳಾಗಿಯೂ ದಂತದ್ರವ್ಯವನ್ನು ಕಟ್ಟುವ ಕೋಶಗಳಾಗಿಯೂ ಮಾರ್ಪಟ್ಟವು. ಯಾರೂ ಲಕ್ಷಿಸದೆ ಬಿಸಾಡುವ ವಸ್ತುವಿನಲ್ಲಿ ಇಂಥಾ ಶಕ್ತಿಯು ಅಡಗಿತ್ತೆಂಬದು ಆಶ್ಚರ್ಯಪಡತಕ್ಕ ಸಂಗತಿಯೇ ಸರಿ.

ಇಂಥಾ ಕೋಶಗಳನ್ನು ಕಾಪಾಡುವ ಕ್ರಮ ಹೇಗಂದರೆ: ತಿರುಳು ಜೀವಂತವಾಗಿರುವಾಗಲೇ ಹಲ್ಲನ್ನು ಕಿತ್ತು, ತಕ್ಕ ದ್ರವದಲ್ಲಿ ತಣ್ಣಗಿಟ್ಟು, ಬೇಗನೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಬಹುದಿನ ಅಲ್ಲಾಡಿ ತಾನಾಗಿ ಉದುರಿದ ಹಲ್ಲಿನಲ್ಲಿ ತಿರುಳು ಅನೇಕಸಾರಿ ಉಳಿದಿರುವದೇ ಇಲ್ಲ. ಹುಳುಕಿನಿಂದ ಸತ್ತ ತಿರುಳು ಪ್ರಯೋಜನಕ್ಕೆ ಬಾರದು. ಒಳ್ಳೇ ಕೋಶಗಳು ಸಿಕ್ಕಿದರೆ ಅವುಗಳನ್ನು ಬೆಳೆಯಿಸಿ, ಹೆಪ್ಪುಗಟ್ಟುವಾಗ ಒಡೆಯದಂತೆ ಒಂದು ರಾಸಾಯನಿಕವನ್ನು ಕೂಡಿಸಿ, ದ್ರವರೂಪದ ಸಾರಜನಕದಲ್ಲಿ ಇಡುತ್ತಾರೆ. ಅದರ ಶೈತ್ಯವು ಸೊನ್ನೆಗಿಂತ ೧೯೬ ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಆ ಸಾರಜನಕವು ಆವಿಯಾಗಿ ಹೋಗುತ್ತಲೇ ಇರುವದರಿಂದ ಯಾರಾದರೂ ಅದನ್ನು ತುಂಬಿಸುತ್ತಲೇ ಇರಬೇಕು; ಒಂದು ತಿಂಗಳಲ್ಲ, ಮಗುವು ಮುದುಕಿಯಾಗುವ ವರೆಗೆ. ಇದು ಸಣ್ಣ ಮಾತಲ್ಲ. ೨೦೧೮ರ ಮಾರ್ಚಿನಲ್ಲಿ ಅಮೇರಿಕದ ಕ್ಲೀವ್‌ಲೆಂಡ್ ಪಟ್ಟಣದಲ್ಲಿ, ಮಕ್ಕಳಿಲ್ಲದ ದಂಪತಿಗಳಿಗಾಗಿ ಇಂಥದೇ ಶೈತ್ಯದಲ್ಲಿ ಇಟ್ಟಿದ್ದ ಅಂಡಗಳೂ ಭ್ರೂಣಗಳೂ ಪಾತ್ರೆಯು ಕೆಟ್ಟದ್ದರಿಂದ ೪,೦೦೦ಕ್ಕಿಂತ ಹೆಚ್ಚಾಗಿ ನಷ್ಟವಾದವು.

ಇನ್ನು ಆ ಕಾಗದದ ವಾಗ್ದಾನ. ಆಕರಕೋಶಗಳಿಂದ ಗುಣವಾದ ರೋಗಿಗಳು ಇದ್ದಾರೆಂಬದು ನಿಜ. ರಕ್ತದ ಕ್ಯಾನ್ಸರ್ ಮುಂತಾದ ರೋಗಗಳಲ್ಲಿ ಅವರು ಅನೇಕರು. ಆದರೆ ಅವರಿಗೆ ಕೊಟ್ಟದ್ದು ರಕ್ತವನ್ನು ಹುಟ್ಟಿಸುವ ಆಕರಕೋಶಗಳನ್ನು. ಅವು ಎಲುಬಿನ ಮಜ್ಜೆಯಲ್ಲಿಯೂ ಹೊಕ್ಕುಳಬಳ್ಳಿಯ ರಕ್ತದಲ್ಲಿಯೂ ದೊರೆಯುತ್ತವೆ. ಹಲ್ಲಿನ ತಿರುಳಿನ ಕೋಶಗಳು ಬೇರೆ ಜಾತಿಯವು, ಅವುಗಳಿಂದ ರಕ್ತ ಹುಟ್ಟುವದಿಲ್ಲ. ಎರಡಕ್ಕೂ ಒಂದೇ ಹೆಸರು ಇರುವದರಿಂದ ಒಂದರ ಕೀರ್ತಿಯನ್ನು ಇನ್ನೊಂದರ ತಲೆಗೆ ಕಟ್ಟುವದು ವ್ಯಾಪಾರಿಗಳಿಗೆ ಸುಲಭವಾಯಿತು. ಹೊಕ್ಕುಳಬಳ್ಳಿಯ ರಕ್ತದ ವಿಷಯದಲ್ಲಿಯಾದರೂ ಒಂದು ಸಂಗತಿಯನ್ನು ಗಮನಿಸಬೇಕು. ೧೯೮೮ರಲ್ಲಿ ಪಾರಿಸ್ ಪಟ್ಟಣದ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯಳು ಪ್ರಪಂಚದಲ್ಲಿಯೇ ಮೊದಲನೆಯ ಸಾರಿ ಅಂಥಾ ರಕ್ತವನ್ನು ರೋಗಿಗೆ ಏರಿಸಿದಳು. ಆ ಹುಡುಗನು ಹುಟ್ಟಿನಿಂದಲೇ ರಕ್ತದೋಷವುಳ್ಳವನಾಗಿದ್ದನು. ಅವನನ್ನು ಬದುಕಿಸಿದ್ದು ಅವನದೇ ರಕ್ತವಲ್ಲ, ಹೊಸದಾಗಿ ಹುಟ್ಟಿದ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತ. ಯಾಕಂದರೆ ಹುಟ್ಟುದೋಷವುಳ್ಳವನ ಸ್ವಂತ ಕೋಶಗಳನ್ನು ಎಷ್ಟು ಜಾಗ್ರತೆಯಿಂದ ಇಟ್ಟರೂ ಆ ದೋಷವೂ ಅವುಗಳ ಸಂಗಡವೇ ಇರುತ್ತದೆ.

ನಾವು ಆ ಸಾಯಂಕಾಲ ಇಷ್ಟನ್ನೆಲ್ಲಾ ತಿಳಿದು ಮಾತಾಡಿದೆವೆಂದು ಹೇಳಿಕೊಳ್ಳುವದಿಲ್ಲ. ಎರಡು ದಿವಸ ಸಮಯ ಕೇಳಿ, ಹಲ್ಲಿನ ವಿಷಯದಲ್ಲಿ ಓದಿಕೊಂಡ ಒಬ್ಬ ವೈದ್ಯರಿಂದ ವಿಚಾರಿಸಿ, ಆ ಮೇಲೆ ಎಮ್ಮೆಯನ್ನು ಮಾರಬೇಡವೆಂದು ಅವನಿಗೆ ಹೇಳಿದೆವು. ಅವನು ಮಾರಲಿಲ್ಲ. ಹಲ್ಲು ಬಿತ್ತು, ಅಜ್ಜಿಯು ಅದನ್ನು ಮಾಡಿಗೆ ಎಸೆಯಬೇಕೆಂದಳು, ತಾಯಿ ಬೇಡವೆಂದಳು, ಕಡೆಗೆ ಮಗುವು ತಾನೇ ಅದನ್ನು ಬಾಳೆಯ ಬುಡದಲ್ಲಿ ಹೂಳಿತು.

ಮೂರು ವರುಷಗಳ ತರುವಾಯ, ೨೦೧೭ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಈ ದೇಶದಲ್ಲಿ ಹೊಕ್ಕುಳಬಳ್ಳಿಯ ರಕ್ತವನ್ನು ಮಾತ್ರ ಪರವಾನಗಿಯಿಂದ ಶೇಖರಿಸಬಹುದು, ಹಲ್ಲು ಮೊದಲಾದ ಬೇರೆ ಪದಾರ್ಥಗಳನ್ನು ಹಣಕ್ಕಾಗಿ ಶೇಖರಿಸುವ ವ್ಯಾಪಾರಕ್ಕೆ ಮುಂದಿನ ಅಪ್ಪಣೆಯ ವರೆಗೆ ಅನುಮತಿ ಇಲ್ಲ ಎಂದು ಹೇಳಲ್ಪಟ್ಟಿತು. ಇದನ್ನು ಓದಿ ನಮ್ಮ ಮನಸ್ಸು ನಿಶ್ಚಿಂತವಾಯಿತು. ಆ ನಿಶ್ಚಿಂತೆಯಲ್ಲಿ ಸ್ವಲ್ಪ ಹೆಮ್ಮೆಯೂ ಸೇರಿತ್ತೆಂದು ಒಪ್ಪಿಕೊಳ್ಳುತ್ತೇವೆ.

ಆದರೆ ಮಾರನೆಯ ವರುಷವೇ ಆ ಸಹೋದರನು ಮತ್ತೊಮ್ಮೆ ಜಗಲಿಗೆ ಬಂದನು. ಚೀನ ದೇಶದಲ್ಲಿ ಮಕ್ಕಳ ಹಾಲುಹಲ್ಲಿನ ಕೋಶಗಳಿಂದ ಸತ್ತ ಹಲ್ಲಿಗೆ ಜೀವ ಬಂತೆಂದು ಯಾರೋ ಅವನಿಗೆ ಓದಿ ಹೇಳಿದ್ದರು. “ಅಯ್ಯನವರೇ, ಅದು ನಿಜವೋ?” ಎಂದು ಮಾತ್ರ ಕೇಳಿದನು. ದೂರು ಹೇಳಲಿಲ್ಲ, ಹೇಳಿದ್ದರೆ ನಮಗೆ ಇನ್ನೂ ಸುಲಭವಾಗುತ್ತಿತ್ತು.

ಅದು ನಿಜವಾಗಿತ್ತು. ಷಿಯಾನ್ ಪಟ್ಟಣದ ವೈದ್ಯರು, ಪೆಟ್ಟುಬಿದ್ದು ಮುಂದಿನ ಶಾಶ್ವತ ಹಲ್ಲಿನ ತಿರುಳು ಸತ್ತುಹೋಗಿದ್ದ ೪೦ ಮಂದಿಯನ್ನು ಆರಿಸಿ, ೩೦ ಮಂದಿಗೆ ಅವರವರ ಹಾಲುಹಲ್ಲಿನಿಂದ ಬೆಳೆಯಿಸಿದ ಕೋಶಗಳನ್ನು ಇಟ್ಟು, ೧೦ ಮಂದಿಗೆ ರೂಢಿಯ ಚಿಕಿತ್ಸೆಯನ್ನು ಮಾಡಿದರು. ಹನ್ನೆರಡು ತಿಂಗಳಾದ ಮೇಲೆ ನೋಡಲಾಗಿ, ಕೋಶಗಳನ್ನು ಇಟ್ಟ ಹಲ್ಲುಗಳಲ್ಲಿ ರಕ್ತನಾಳಗಳಿಂದಲೂ ನರಗಳಿಂದಲೂ ಕೂಡಿದ ತಿರುಳು ಮತ್ತೆ ಹುಟ್ಟಿತ್ತು, ಬೇರುಗಳು ಉದ್ದವಾಗಿದ್ದವು. ೨೦೧೮ರಲ್ಲಿ ಇದು ಪ್ರಕಟವಾಯಿತು. ಹಾಗಾದರೆ ನಾವು ತಪ್ಪು ಬುದ್ಧಿಯನ್ನು ಹೇಳಿದೆವೋ?

ಒಂದು ಉತ್ತರವು ಕೂಡಲೇ ಕೈಗೆ ಸಿಕ್ಕಿತು. ಆ ಮಕ್ಕಳ ಹಾಲುಹಲ್ಲುಗಳು ವರುಷಗಟ್ಟಲೆ ಶೈತ್ಯದಲ್ಲಿ ಕಾದಿದ್ದವುಗಳಲ್ಲ. ಪೆಟ್ಟು ಬಿದ್ದ ತರುವಾಯವೇ ಅವರ ಬಾಯಲ್ಲಿದ್ದ ಬೇರೊಂದು ಹಾಲುಹಲ್ಲನ್ನು ಕಿತ್ತು ಉಪಯೋಗಿಸಿದ್ದರು. ಗುಣವಾದದ್ದೂ ಹಲ್ಲೇ, ಸಕ್ಕರೆ ಕಾಯಿಲೆಯಲ್ಲ. ಈ ಉತ್ತರವನ್ನು ಅವನಿಗೆ ಹೇಳಿದೆವು, ಅವನು ಒಪ್ಪಿ ಹೋದನು. ಆದರೆ ರಾತ್ರಿ ದೀಪ ಆರಿಸಿದ ಮೇಲೆ ನಮಗೆ ತೋರಿದ್ದೇನಂದರೆ, ಇದು ನುಣುಚಿಕೊಳ್ಳುವ ಉತ್ತರವಾಗಿತ್ತು. ಕೂಡಿಟ್ಟ ಹಲ್ಲೇ ಉಪಯೋಗಕ್ಕೆ ಬಂದಿದ್ದರೆ? ಇನ್ನು ಇಪ್ಪತ್ತು ವರುಷಗಳಲ್ಲಿ ಹಾಗೆಯೇ ಬಂದರೆ? ಆಗ ಎಮ್ಮೆಯನ್ನು ಮಾರದ ತಂದೆಯು ದೋಷಿಯಾಗುವನೋ? ಮಾರಬೇಡವೆಂದ ನಾವು ದೋಷಿಗಳಾಗುವೆವೋ?

ಈ ಪ್ರಶ್ನೆಯನ್ನು ಬಹುಕಾಲ ಮನಸ್ಸಿನಲ್ಲಿಟ್ಟು ನೋಡಿದ್ದೇವೆ. ನಮ್ಮ ತೀರ್ಮಾನವೇನಂದರೆ, ಮನುಷ್ಯನ ಕರ್ತವ್ಯವು ಅವನಿಗೆ ಆ ಹೊತ್ತಿಗೆ ತಿಳಿಯಬಹುದಾದದ್ದರಿಂದ ಅಳೆಯಲ್ಪಡತಕ್ಕದ್ದು. ತರುವಾಯ ಬೆಳಕಿಗೆ ಬಂದದ್ದರಿಂದಲ್ಲ. ಒಕ್ಕಲಿಗನು ಬಿತ್ತನೆಯ ಬತ್ತವನ್ನು ಬೈಹುಲ್ಲಿನ ಮುಡಿಯಲ್ಲಿ ಕಟ್ಟಿ ಅಟ್ಟದ ಮೇಲೆ ಇಡುತ್ತಾನೆ. ಮನೆಯಲ್ಲಿ ಗಂಜಿಗೆ ಅಕ್ಕಿ ಇಲ್ಲದಿದ್ದರೂ ಆ ಮುಡಿಗೆ ಕೈ ಹಾಕುವದಿಲ್ಲ. ಅದು ಮುಂದಾಲೋಚನೆ, ಅದು ಕರ್ತವ್ಯ. ಯಾಕಂದರೆ ಆ ಬೀಜವು ಯಾವ ಗದ್ದೆಗೆ, ಯಾವ ಮಳೆಗೆ ಎಂಬದನ್ನು ಅವನು ಬಲ್ಲನು. ಅವನ ತಂದೆಯೂ ಅಜ್ಜನೂ ಅದನ್ನೇ ಬಿತ್ತಿ ಬೆಳೆ ಕೊಯ್ದಿದ್ದಾರೆ. ಅದೇ ಒಕ್ಕಲಿಗನ ಬಳಿಗೆ ಒಬ್ಬನು ಬಂದು, “ಇದೊಂದು ಬೀಜ ಉಂಟು, ಯಾವ ನೆಲದಲ್ಲಿ ಹುಟ್ಟುವದೆಂದು ಯಾರಿಗೂ ಗೊತ್ತಿಲ್ಲ, ಆದರೂ ನಿನ್ನ ಗದ್ದೆಯನ್ನು ಅಡವಿಟ್ಟು ಇದನ್ನು ಕಾಪಾಡದಿದ್ದರೆ ನೀನು ಮಕ್ಕಳನ್ನು ಪ್ರೀತಿಸದವನು” ಎಂದರೆ, ಅವನು ಕೊಳ್ಳದೆ ಇರುವದು ಅಜಾಗ್ರತೆಯಲ್ಲ. ಒಂದು ಕಾಲದಲ್ಲಿ ಆ ಬೀಜವು ಮೊಳೆತರೂ, ಕೊಳ್ಳದವನ ಮೇಲೆ ಅಪರಾಧವು ಬರುವದಿಲ್ಲ. ಹಾಗೆ ಬರುವದಾದರೆ, ಕೊಳ್ಳದೆ ಬಿಟ್ಟ ಸಾವಿರ ಬೀಜಗಳಿಗೂ ಪ್ರತಿಯೊಬ್ಬ ತಂದೆಯು ಲೆಕ್ಕ ಕೊಡಬೇಕಾಗುವದು. ಅಂಥಾ ಲೆಕ್ಕವನ್ನು ತೀರಿಸಬಲ್ಲವರು ಐಶ್ವರ್ಯವಂತರು ಮಾತ್ರ, ಬಡವರೆಲ್ಲರೂ ಬಡತನದ ದೆಸೆಯಿಂದಲೇ ಕೆಟ್ಟ ತಂದೆತಾಯಿಗಳು ಎಂದಾಗುವದು. ಇದನ್ನು ನಮ್ಮ ಮನಸ್ಸಾಕ್ಷಿಯು ಒಪ್ಪದು.

ಇಲ್ಲಿ ಒಬ್ಬರು ಹೀಗೆ ಆಕ್ಷೇಪಿಸಬಹುದು: ಹಣವುಳ್ಳವನು ಇಡಿಸಿದರೆ ಏನು ತಪ್ಪು? ನಷ್ಟವಾದರೆ ಅವನ ಹಣವಷ್ಟೇ. ನಾವೂ ಇದರಲ್ಲಿ ದೊಡ್ಡ ಪಾಪವನ್ನು ಕಾಣುವದಿಲ್ಲ. ಆದರೆ ಆ ಕಾಗದವು ಮಾರುವದು ಶೈತ್ಯದ ಪಾತ್ರೆಯಲ್ಲಿ ಒಂದು ಸ್ಥಳವನ್ನು ಮಾತ್ರವಲ್ಲ. ಹಲ್ಲು ಬೀಳುವ ಕಾಲವು ಹೋದರೆ ಬಾಗಿಲು ಮುಚ್ಚಿತು, ಮತ್ತೆ ತೆರೆಯದು ಎಂಬ ಹೆದರಿಕೆಯನ್ನು ಅದು ಮೊದಲು ಹುಟ್ಟಿಸಿ, ಆ ಮೇಲೆ ಅದೇ ಹೆದರಿಕೆಗೆ ಮದ್ದನ್ನು ಮಾರುತ್ತದೆ. ಬಾಗಿಲು ಹಾಗೆ ಮುಚ್ಚುವದೂ ಇಲ್ಲ. ಇಪ್ಪತ್ತು ಹಾಲುಹಲ್ಲುಗಳು ಬಿದ್ದುಹೋದ ಮೇಲೆಯೂ ಬುದ್ಧಿಹಲ್ಲುಗಳಿವೆ, ಮಜ್ಜೆಯಿದೆ. ಅದಲ್ಲದೆ ಜಪಾನಿನ ಷಿನ್ಯಾ ಯಮನಾಕ ಎಂಬ ಪಂಡಿತರು ೨೦೦೬ರಲ್ಲಿ ಇಲಿಯ ಚರ್ಮದ ಕೋಶಗಳನ್ನೂ ೨೦೦೭ರಲ್ಲಿ ಬೆಳೆದ ಮನುಷ್ಯರ ಚರ್ಮದ ಕೋಶಗಳನ್ನೂ ಹಿಂದಕ್ಕೆ ತಿರುಗಿಸಿ, ಭ್ರೂಣದ ಆಕರಕೋಶಗಳಂತೆ ಮಾಡಿ ತೋರಿಸಿದರು. ಅದಕ್ಕಾಗಿ ೨೦೧೨ರಲ್ಲಿ ನೊಬೆಲ್ ಬಹುಮಾನವನ್ನು ಹೊಂದಿದರು. ಬೇಕಾದ ಕಾಲದಲ್ಲಿ ಬೇಕಾದವನ ತೋಳಿನ ಚರ್ಮದಿಂದಲೇ ತೆಗೆಯುವ ಮಾರ್ಗವು ಹೀಗೆ ತೆರೆದಿರುವಾಗ, ಏಳನೆಯ ವಯಸ್ಸಿನ ಒಂದು ಹಲ್ಲಿನ ಮೇಲೆ ಜೀವಮಾನದ ಭಾರವನ್ನೆಲ್ಲಾ ಹೊರಿಸಬೇಕಾದದ್ದೇನು?

ಇನ್ನೊಂದು ಮಾತು. ಐಗುಪ್ತದಲ್ಲಿ ಯೋಸೇಫನು ಧಾನ್ಯವನ್ನು ಕೂಡಿಟ್ಟದ್ದನ್ನೂ, ಸುವಾರ್ತೆಯ ಸಾಮ್ಯದಲ್ಲಿನ ಐಶ್ವರ್ಯವಂತನು ಕಣಜಗಳನ್ನು ದೊಡ್ಡದಾಗಿ ಕಟ್ಟಿಸಬೇಕೆಂದದ್ದನ್ನೂ ವಾಚಕರು ಬಲ್ಲರು. ಇಬ್ಬರೂ ಕೂಡಿಡುವವರೇ. ಆದರೆ ಒಬ್ಬನ ಉಗ್ರಾಣದ ಬಾಗಿಲು ಹಸಿದು ಬಂದವರೆಲ್ಲರಿಗೂ ತೆರೆಯಿತು, ಇನ್ನೊಬ್ಬನ ಕಣಜದಲ್ಲಿ ಅವನ ಹೊರತು ಬೇರೆ ಯಾರಿಗೂ ಪಾಲಿರಲಿಲ್ಲ. ನನ್ನ ಮಗುವಿನ ಹಲ್ಲು ನನ್ನ ಮಗುವಿಗೆ ಮಾತ್ರ ಎಂದು ಬೀಗ ಹಾಕಿ ಇಡುವ ಶೇಖರಣೆಯು ಎರಡನೆಯ ತರದ್ದು. ಮೊದಲನೆಯ ತರದ ಶೇಖರಣೆಯೂ ನಮ್ಮ ಕಾಲದಲ್ಲಿ ಉಂಟು, ಮತ್ತು ಅದಕ್ಕೆ ಶೈತ್ಯದ ಪಾತ್ರೆಯೂ ಬೇಡ. ರಕ್ತರೋಗಿಗೆ ಮಜ್ಜೆಯ ಕೋಶಗಳು ಬೇಕಾದಾಗ ಒಡಹುಟ್ಟಿದ ಒಬ್ಬರದು ಪೂರ್ಣವಾಗಿ ಹೊಂದುವ ಸಂಭವವು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಆದಕಾರಣ ಅನೇಕರು ಪರರನ್ನು ಹುಡುಕಬೇಕಾಗುತ್ತದೆ. ಕೊಡಲು ಮನಸ್ಸುಳ್ಳವರ ಪಟ್ಟಿಗಳನ್ನು ಬೆಂಗಳೂರಿನಲ್ಲಿಯೂ ಚೆನ್ನೈಯಲ್ಲಿಯೂ ಇಟ್ಟಿದ್ದಾರೆ. ಹದಿನೆಂಟು ವರುಷ ದಾಟಿದ ಆರೋಗ್ಯವಂತರು ಹತ್ತಿಯ ಕಡ್ಡಿಯನ್ನು ಕೆನ್ನೆಯ ಒಳಭಾಗಕ್ಕೆ ಒರಸಿ ಕೊಟ್ಟರೆ ಅವರ ಗುರುತು ಆ ಪಟ್ಟಿಯಲ್ಲಿ ಸೇರುತ್ತದೆ. ಹೊಂದುವ ರೋಗಿಯು ದೊರೆತರೆ ಕರೆ ಬರುತ್ತದೆ. ಆ ಕೋಶಗಳು ಅಲ್ಲಿಯ ವರೆಗೆ ದಾನಿಯ ಎಲುಬಿನಲ್ಲಿಯೇ ಬೆಚ್ಚಗಿರುತ್ತವೆ.

ಹಲ್ಲಿನ ಜೀವವನ್ನು ಕಾಪಾಡುವ ಮನಸ್ಸುಳ್ಳ ತಂದೆತಾಯಿಗಳಿಗೆ ಹಳ್ಳಿಯಲ್ಲಿಯೇ ಮಾಡತಕ್ಕ ಒಂದು ಕೆಲಸವನ್ನು ಇಲ್ಲಿ ತಿಳಿಸದೆ ಇರಲಾರೆವು, ಯಾಕಂದರೆ ಇದನ್ನು ತಿಳಿಯದವರು ಬಹಳ. ಆಟದಲ್ಲಿಯೋ ಮರದಿಂದ ಬಿದ್ದೋ ದೊಡ್ಡ ಮಗುವಿನ ಶಾಶ್ವತ ಹಲ್ಲು ಬೇರುಸಹಿತ ಕಳಚಿ ಬಿದ್ದರೆ, ಅದನ್ನು ಬಿಸಾಡಬಾರದು. ಬೇರನ್ನು ಮುಟ್ಟದೆ ಮೇಲ್ಭಾಗದಲ್ಲಿ ಹಿಡಿದು, ಮಣ್ಣಿದ್ದರೆ ಒಂದು ಕ್ಷಣ ತಣ್ಣೀರಿನಲ್ಲಿ ತೊಳೆದು, ಉಜ್ಜದೆ, ಅದರ ಗುಣಿಯಲ್ಲಿಯೇ ತಿರುಗಿ ಇರಿಸಿ ಮೆಲ್ಲನೆ ಕಚ್ಚಿ ಹಿಡಿಯುವಂತೆ ಹೇಳಬೇಕು. ಹಾಗೆ ಮಾಡಲಾಗದಿದ್ದರೆ ಒಂದು ಲೋಟ ತಣ್ಣಗಿನ ಹಾಲಿನಲ್ಲಿ ಅದನ್ನು ಹಾಕಿ, ಕೂಡಿದರೆ ಒಂದು ತಾಸಿನೊಳಗೆ ಹಲ್ಲಿನ ವೈದ್ಯರ ಬಳಿಗೆ ಮುಟ್ಟಿಸಬೇಕು. ಬೇರನ್ನು ದವಡೆಗೆ ಹಿಡಿಸುವ ಜೀವಕೋಶಗಳು ಒಣಗಿದರೆ ಸಾಯುತ್ತವೆ, ನೀರಿನಲ್ಲಿ ಇಟ್ಟರೂ ಕೆಡುತ್ತವೆ, ಹಾಲಿನಲ್ಲಿಯಾದರೋ ಸ್ವಲ್ಪ ಹೊತ್ತು ಬದುಕಿರುತ್ತವೆ. ಹಾಲುಹಲ್ಲನ್ನು ಮಾತ್ರ ಹೀಗೆ ತಿರುಗಿ ನೆಡಬಾರದು. ಒಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ಅದರಿಂದ ಕೇಡಾಗುತ್ತದೆ. ಮಾರದೆ ಉಳಿದ ಎಮ್ಮೆಯ ಹಾಲು ಇದಕ್ಕೂ ಆದೀತೆಂದು ಆ ಸಹೋದರನಿಗೆ ನಾವು ನಗುತ್ತಾ ಹೇಳಿದ್ದುಂಟು.

೨೦೨೫ರಲ್ಲಿ ಅವನ ಮಗಳಿಗೆ ಹದಿನೆಂಟು ತುಂಬಿತು. ಪೇಟೆಯ ಕಾಲೇಜಿನಲ್ಲಿ ಆ ಹತ್ತಿಕಡ್ಡಿಯವರು ಬಂದಾಗ ಅವಳು ತನ್ನ ಹೆಸರನ್ನು ಬರೆಯಿಸಿದಳು. ಮನೆಗೆ ಬಂದ ಮೇಲೆಯೇ ತಿಳಿಸಿದಳು. ಮಾರನೆಯ ದಿವಸ ತಂದೆಯು ಮೂರನೆಯ ಸಾರಿ ನಮ್ಮ ಜಗಲಿಯಲ್ಲಿ ಕೂತು, “ಅಯ್ಯನವರೇ, ಯಾರಿಗೋ ಕೊಟ್ಟುಬಿಟ್ಟರೆ ನಾಳೆ ಇವಳಿಗೇ ಕಡಿಮೆಯಾಗುವದಿಲ್ಲವೋ?” ಎಂದು ಕೇಳಿದನು. ಹೆಚ್ಚಾಗಿ ತೋಳಿನ ನರದಿಂದ ರಕ್ತ ತೆಗೆದ ಹಾಗೆಯೇ ಅದನ್ನು ತೆಗೆಯುತ್ತಾರೆ, ಕೊಟ್ಟಷ್ಟು ಕೋಶಗಳು ಕೆಲವು ವಾರಗಳಲ್ಲಿ ದೇಹದಲ್ಲಿಯೇ ತಿರುಗಿ ಹುಟ್ಟುತ್ತವೆ ಎಂದು ನಾವು ಹೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, ಆ ಪಟ್ಟಿಗೆ ಎಷ್ಟು ವಯಸ್ಸಿನ ವರೆಗೆ ತೆಗೆದುಕೊಳ್ಳುತ್ತಾರೆಂದು ವಿಚಾರಿಸಿದನು.